ವೆರ್ನಾಳ ವಿಮಾನವೂ ನನ್ನ ಸೊಂಟವೂ

ನಮ್ಮ ಕಡೆ ಗಂಡಸರು ಗ್ಯಾರೇಜಿನಲ್ಲಿ ವಿಮಾನ ಕಟ್ಟುತ್ತಾರೆ, ಹೆಂಗಸರು ಅಡುಗೆಮನೆ ಬಾಗಿಲಲ್ಲಿ ನಿಂತು ಬೈಯುತ್ತಾರೆ. ವಿಸ್ಕಾನ್ಸಿನ್ನಿನಲ್ಲಿ ಇದು ಅಪ್ಪ ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿ. ನಮ್ಮ ಮನೆಯಲ್ಲಿ ಮಾತ್ರ ಎಲ್ಲ ಉಲ್ಟಾ. ವಿಮಾನ ಕಟ್ಟುವವಳು ನನ್ನ ಹೆಂಡತಿ ವೆರ್ನಾ. ಹಾಗಾದರೆ ಬೈಯುವ ಕೆಲಸವಾದರೂ ನನಗೆ ಸಿಗಬೇಕಿತ್ತಲ್ಲವೇ? ಅದನ್ನೂ ಅವಳೇ ಇಟ್ಟುಕೊಂಡಿದ್ದಾಳೆ.

ವೆರ್ನಾ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಬೆನ್ನ ಹಿಂದೆ ಅರವತ್ತು ಮಕ್ಕಳು ಏನೇನು ಕಿತಾಪತಿ ಮಾಡುತ್ತಿದ್ದಾರೆಂದು ತಲೆ ತಿರುಗಿಸದೆ ಕನ್ನಡಿ ನೋಡಿಯೇ ಹೇಳುತ್ತಿದ್ದಳು. (“ಹನ್ನೆರಡನೇ ಸೀಟು! ಬಾಯಲ್ಲಿರೋದನ್ನ ಉಗಿ!”) ಈ ಸಂಗತಿಯನ್ನು ನಾನು ಮರೆಯಬಾರದಿತ್ತು. ಮರೆತೆ. ಮುಂದೆ ಆದದ್ದೆಲ್ಲ ಅದರ ಫಲ.

ಒಂಬತ್ತು ವರ್ಷದ ಹಿಂದಿನ ಮಾತು. ಪಕ್ಕದೂರಿನ ಪುಟ್ಟ ವಿಮಾನ ಮೈದಾನದಲ್ಲಿ ಪ್ರತಿ ಜೂನ್ ತಿಂಗಳು ಒಂದು ಭಾನುವಾರ ಪ್ಯಾನ್‌ಕೇಕ್ ತಿಂಡಿ ಇರುತ್ತದೆ. ಅಲ್ಲಿಗೆ ಎರಡು ಪಂಗಡದವರು ಬರುತ್ತಾರೆ. ಆಕಾಶದಿಂದ ಇಳಿದು ಕೈಬೀಸುತ್ತ ಬರುವವರು ಒಂದು ಪಂಗಡ. ಕಾರನ್ನು ಹೊಲದ ಕೆಸರಿನಲ್ಲಿ ನಿಲ್ಲಿಸಿ ಬೂಟು ಒರೆಸಿಕೊಳ್ಳುತ್ತ ಬರುವವರು ಇನ್ನೊಂದು. ನಾವು ಕೆಸರಿನ ಪಂಗಡ. ಅವತ್ತು ವೆರ್ನಾ ತಟ್ಟೆ ಹಿಡಿದುಕೊಂಡು, ಇಳಿಯುತ್ತಿದ್ದ ವಿಮಾನವನ್ನೇ ನೋಡುತ್ತ, “ಎಲ್ಡನ್, ಒಂದ್ಸಲ ನಾವೂ ಮೇಲಿಂದ ಬಂದಿಳೀಬೇಕು ಕಣೋ. ನೀನೂ ನಾನೂ,” ಅಂದಳು.

ನನ್ನ ಬಾಯ್ತುಂಬ ಸಿರಪ್ಪು. “ಅದಕ್ಕೇನಂತೆ? ನೀನು ಕಟ್ಟು, ಪಕ್ಕದ ಸೀಟಲ್ಲಿ ನಾನು ಕೂರ್ತೀನಿ,” ಅಂದುಬಿಟ್ಟೆ.

ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ಮದುವೆಯಾದ ಹೊಸದರಲ್ಲಿ ವೆರ್ನಾ ನನಗೊಂದು ಸ್ವೆಟರ್ ಹೆಣೆಯಲು ಹಿಡಿದಿದ್ದಳು. ಮೂವತ್ತೆಂಟು ವರ್ಷವಾಯಿತು, ಅದಕ್ಕೆ ಇವತ್ತಿಗೂ ಒಂದೇ ತೋಳು. ವಿಮಾನವೂ ಒಂದು ರೆಕ್ಕೆಗೆ ನಿಲ್ಲುತ್ತದೆ ಎಂದು ನಾನು ಧೈರ್ಯವಾಗಿದ್ದೆ. ಯಾಕೆಂದರೆ (ಇದು ನಮ್ಮಿಬ್ಬರಲ್ಲೇ ಇರಲಿ) ನನಗೆ ಎತ್ತರ ಎಂದರೆ ಜೀವ ಬಾಯಿಗೆ ಬರುತ್ತದೆ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಕಾಲು ಗಡಗಡ. ಈ ಗುಟ್ಟನ್ನು ಹೆಂಡತಿಯಿಂದ ಮೂವತ್ತೆಂಟು ವರ್ಷ ಮುಚ್ಚಿಟ್ಟ ಮಹಾನುಭಾವ ನಾನು.

ವಿಮಾನಕ್ಕೆ ಎರಡೂ ರೆಕ್ಕೆ ಬಂದವು. ಹಾರಿಸಲು ಕಲಿತ ವೆರ್ನಾಳಿಗೆ ಲೈಸೆನ್ಸೂ ಬಂತು. ಬಾಲವೂ ಬಂತು. ಆ ಬಾಲದ ಒಳಗೆ ಅಂಗಾತ ಮಲಗಿ, ಅವಳು ಹೊರಗಿನಿಂದ ತಗಡು ಜೋಡಿಸುವ ರಿವೆಟ್ ಮೊಳೆ ಹೊಡೆಯುವಾಗ ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುವ ಘನಕಾರ್ಯ ನನ್ನದು. ಒಂಬತ್ತು ವರ್ಷದಲ್ಲಿ ಸಾವಿರಾರು ರಿವೆಟ್. ವಿಮಾನ ನೆಟ್ಟಗಾಯಿತು, ನನ್ನ ಸೊಂಟ ಡೊಂಕಾಯಿತು.

ಆಗ ಟೀವಿಯಲ್ಲಿ ಆ ಸೊಂಟಪಟ್ಟಿಯ ಜಾಹೀರಾತು ಬಂತು. ಒಳಗಡೆ ಇಪ್ಪತ್ತನಾಲ್ಕು ಭಾರಿ ಅಯಸ್ಕಾಂತ, ಕಟ್ಟಿಕೊಂಡರೆ ಮುದುಕನೂ ಜಿಂಕೆಯಾಗುತ್ತಾನೆ. ವೆರ್ನಾ ಬಿದ್ದು ಬಿದ್ದು ನಕ್ಕಳು. “ಅಯ್ಯೋ, ಇದನ್ನ ಕೊಂಡ್ಕೊಳ್ಳೋನು ಎಂಥಾ ಬೆಪ್ಪುತಕ್ಕಡಿ ಇರ್ಬೇಕು!”

“ಹೂಂ, ಶುದ್ಧ ಬೆಪ್ಪ,” ಎಂದು ನಾನೂ ನಕ್ಕೆ. ಪಟ್ಟಿ ಅಷ್ಟು ಹೊತ್ತಿಗಾಗಲೇ ಅಂಚೆಯಲ್ಲಿ ಹೊರಟುಬಿಟ್ಟಿತ್ತು.

ಅಂದಿನಿಂದ ಅದು ಅಂಗಿಯ ಒಳಗೆ ನನ್ನ ರಹಸ್ಯ ಸಂಗಾತಿ. ನೋವು ಕಡಿಮೆಯಾಯಿತೋ ಇಲ್ಲವೋ, ಕೊಂಡದ್ದಕ್ಕೆ ಕಡಿಮೆಯಾಗಿದೆ ಎಂದೇ ಇಟ್ಟುಕೊಂಡೆ. ಕ್ರಮೇಣ ಅದು ಮೈಚರ್ಮದಂತಾಗಿ, ಕಟ್ಟಿಕೊಂಡಿರುವುದೇ ಮರೆತುಹೋಯಿತು. ಒಂದು ಭಾನುವಾರ ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತಾಗ ವೆರ್ನಾ ನನ್ನ ಬೆನ್ನ ಮೇಲಿಂದ ಏನನ್ನೋ ಕಿತ್ತು ಕೈಚೀಲಕ್ಕೆ ಹಾಕಿಕೊಂಡಳು. ಏನೆಂದು ಕಣ್ಣಲ್ಲೇ ಕೇಳಿದೆ. “ಕಸ,” ಅಂದು ಹಾಡು ಮುಂದುವರಿಸಿದಳು.

ಇನ್ನು ಡಬ್ಬಿಗಳ ಕಥೆಗೆ ಬರೋಣ. ವಿಮಾನ ಮೋಡದಲ್ಲಿ ನೆಟ್ಟಗಿದೆಯೋ, ಮಗ್ಗುಲಾಗಿದೆಯೋ, ಮೂಗು ಎತ್ತಿದೆಯೋ ಎಂದು ಚಾಲಕರ ಎದುರಿನ ಕಂಪ್ಯೂಟರ್ ಪರದೆಗೆ ಹೇಳುವುದಕ್ಕೆ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಸೆನ್ಸರ್ ಡಬ್ಬಿ ಒಂದಿದೆ. ಯಾವ ದಿಕ್ಕಿಗೆ ಹೊರಟಿದ್ದೇವೆ ಎಂದು ಹೇಳುವುದಕ್ಕೆ ಇನ್ನೊಂದು. ನಾನು ಇವಕ್ಕೆ ಅಣ್ಣ, ತಮ್ಮ ಎಂದು ಹೆಸರಿಟ್ಟೆ. ಅಣ್ಣ ದೊಡ್ಡಮನುಷ್ಯ. ವಿಮಾನದ ನಡುಮಧ್ಯದಲ್ಲಿ, ಅಲುಗಾಡದ ಹಲಗೆಯ ಮೇಲೆ, ಎಳ್ಳಷ್ಟೂ ಓರೆಯಿಲ್ಲದೆ ಕೂರಿಸಿದರೆ ಸಾಕು, ತೆಪ್ಪಗಿರುತ್ತಾನೆ. ತಮ್ಮ ಹಾಗಲ್ಲ. ಕಬ್ಬಿಣ ಕಂಡರಾಗದು, ಕರೆಂಟಿನ ತಂತಿ ಕಂಡರಾಗದು. ಇವನು ಸುಳ್ಳು ಹೇಳಿದರೆ ಇವನ ಮಾತು ನಂಬಿ ಅಣ್ಣನೂ ಗೊಂದಲಕ್ಕೆ ಬೀಳುತ್ತಾನೆ. ಪ್ರತಿ ಮನೆಯಲ್ಲೂ ಇಂಥ ತಮ್ಮ ಒಬ್ಬ ಇರುತ್ತಾನೆ.

ತಮ್ಮನನ್ನು ಮೊದಲು ಪರದೆಯ ಹಿಂದೆ ಇಟ್ಟಳು. ಅಲ್ಲಿ ತಂತಿಗಳ ಸಂತೆ. ದಿಕ್ಕು ಕುಣಿಯಿತು. ಆಮೇಲೆ ಸೀಟುಗಳ ಹಿಂದೆ, ಸಾಮಾನಿಡುವ ಜಾಗದಲ್ಲಿ, ಹಿತ್ತಾಳೆಯ ತಿರುಪಿನಿಂದ ಕೂರಿಸಿದಳು. ಅವಳೊಬ್ಬಳೇ ಕೂತು ನೋಡಿದಾಗ ಉತ್ತರ ಎಂದರೆ ಉತ್ತರ. “ಬಾ ಎಲ್ಡನ್, ಪಕ್ಕದಲ್ಲಿ ಕೂತ್ಕೋ,” ಎಂದು ಕರೆದಳು. ನಾನು ಕೂತೆ. ಉತ್ತರವಿದ್ದದ್ದು ಇಪ್ಪತ್ತೆರಡು ಡಿಗ್ರಿ ಪೂರ್ವಕ್ಕೆ ಸರಿಯಿತು.

“ಇಳಿ.”

ಇಳಿದೆ. ನೆಟ್ಟಗಾಯಿತು.

“ಹತ್ತು.”

ಹತ್ತಿದೆ. ಇಪ್ಪತ್ತೆರಡು.

“ಜೇಬಲ್ಲಿ ಏನಿಟ್ಕೊಂಡಿದ್ದೀಯ?”

“ಚಾಕು. ಬೀಗದ ಕೈ. ಎರಡು ನಟ್ಟು.”

“ತೆಗಿ. ಬೂಟಲ್ಲಿ ಉಕ್ಕಿದೆ, ಬಿಚ್ಚು. ಪ್ಯಾಂಟಿನ ಬೆಲ್ಟು ಬಿಚ್ಚು.”

“ಪ್ಯಾಂಟು ನಿಲ್ಲಲ್ಲ ಕಣೇ!”

“ಕೈಯಲ್ಲಿ ಹಿಡ್ಕೋ. ನೋಡೋರು ಯಾರಿದ್ದಾರೆ ಇಲ್ಲಿ?”

ಮಾರ್ಚ್ ತಿಂಗಳು. ವಿಮಾನವನ್ನು ಗ್ಯಾರೇಜಿನಿಂದ ಸಾಗಿಸಿ ತಂದಿದ್ದ ನಮ್ಮೂರ ವಿಮಾನ ಮೈದಾನದ ಶೆಡ್ಡಿನ ಸಿಮೆಂಟು ನೆಲ ಮಂಜುಗಡ್ಡೆ. ಕಾಲುಚೀಲದಲ್ಲಿ ನಿಂತು ಎರಡು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಮತ್ತೆ ಹತ್ತಿದೆ. ಇಪ್ಪತ್ತೆರಡು.

“ಹಲ್ಲು,” ಅಂದಳು ವೆರ್ನಾ.

“ಏನೇ?”

“ಹಲ್ಲಿನ ಸೆಟ್ಟಲ್ಲಿ ತಂತಿ ಇದೆಯಲ್ಲ. ತೆಗಿ.”

ತೆಗೆದೆ. ಬಿಚ್ಚಲು ಇನ್ನು ಮಾನ ಒಂದು ಬಿಟ್ಟು ಏನೂ ಉಳಿದಿರಲಿಲ್ಲ. ಅದೇ ಹೊತ್ತಿಗೆ ನಾರ್ಬರ್ಟ್ ಒಳಗೆ ಬಂದ. ನಮ್ಮ ಹಾರಾಟದ ಸಂಘದ ಹಿರಿಯ ಸಲಹೆಗಾರ. ಮೂರು ವಿಮಾನ ಕಟ್ಟಿ ಎರಡು ಮದುವೆ ಮುರಿದುಕೊಂಡ ಅನುಭವಿ. ನನ್ನ ಬೊಚ್ಚುಬಾಯಿ, ಕೈಯಲ್ಲಿ ಹಿಡಿದ ಪ್ಯಾಂಟು ಎಲ್ಲ ನೋಡಿ, “ಆಮೇಲೆ ಬರ್ಲಾ?” ಅಂದ.

ವೆರ್ನಾ ಅವನನ್ನೇ ಸೀಟಿನಲ್ಲಿ ಕೂರಿಸಿದಳು. ಅವನ ಜೇಬಿನಲ್ಲೂ ಚಾಕು, ಅವನ ಬೂಟಲ್ಲೂ ಉಕ್ಕು. ಉತ್ತರ ಅಲ್ಲಾಡಲಿಲ್ಲ. ನಾರ್ಬರ್ಟ್ ಗಡ್ಡ ಕೆರೆದುಕೊಂಡ. “ಬರೀ ಕಬ್ಬಿಣ ಇಷ್ಟೊಂದು ಎಳೆಯಲ್ಲ ವೆರ್ನಾ. ಇಲ್ಲೆಲ್ಲೋ ಅಯಸ್ಕಾಂತ ಇದೆ ನೋಡು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೊಂಟ ಮುಟ್ಟಿ ನೋಡಿಕೊಂಡೆ. ಪಟ್ಟಿ ಅಲ್ಲೇ ಇತ್ತು. ವೆರ್ನಾ ಅತ್ತ ತಿರುಗಿ ಶೆಡ್ಡಿನ ಕಿಟಕಿಯತ್ತ ನೋಡುತ್ತಿದ್ದಳು. ಸದ್ಯ, ನೋಡಲಿಲ್ಲ ಎಂದುಕೊಂಡೆ.

“ಹೀಗೇ ಇದ್ರೆ ಎಲ್ಡನ್‌ನ ಕೂರಿಸ್ಕೊಂಡು ನಾನು ಹಾರಲ್ಲ,” ಅಂದಳು ಅವಳು. “ದಿಕ್ಕು ಸುಳ್ಳು ಹೇಳೋ ವಿಮಾನದಲ್ಲಿ ಬೇರೆಯವರ ಜೀವ ಇಟ್ಟು ಆಟ ಆಡೋಕಾಗಲ್ಲ. ನಾನೊಬ್ಳೇ ಹಾರ್ತೀನಿ, ಅಷ್ಟೇ.”

ನಿಜ ಹೇಳುತ್ತೇನೆ, ಆ ಕ್ಷಣ ನನ್ನ ಮನಸ್ಸಿನಲ್ಲಿ ಹಾಲು ಉಕ್ಕಿತು. ಬಾಯಿಬಿಟ್ಟರೆ ಬೆಪ್ಪುತಕ್ಕಡಿ ಎಂಬ ಬಿರುದು, ಮೇಲೆ ಮೂರು ಸಾವಿರ ಅಡಿ ಎತ್ತರದ ಸೀಟು. ಬಾಯಿ ಮುಚ್ಚಿಕೊಂಡರೆ ನೆಲ, ಕಾರು, ಪರಮಸುಖ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಹಲ್ಲು ಹಾಕಿಕೊಂಡು ಗಂಭೀರವಾಗಿ, “ಏನು ಮಾಡೋದು ವೆರ್ನಾ, ಕೆಲವರ ಮೈಗುಣವೇ ಹಾಗೆ,” ಅಂದೆ. ಮರುದಿನದಿಂದ ಪಟ್ಟಿಯನ್ನು ಒಂದು ತೂತು ಬಿಗಿಯಾಗಿಯೇ ಕಟ್ಟಿದೆ.

ಆಮೇಲೆ ಎರಡು ವಾರ ವೆರ್ನಾ ದಿನಾ ಒಬ್ಬಳೇ ಶೆಡ್ಡಿಗೆ ಹೋದಳು. ನನ್ನನ್ನು ಕರೆಯಲಿಲ್ಲ. ಬೈಯಲೂ ಇಲ್ಲ. ಬೈಯದ ವೆರ್ನಾಳನ್ನು ನಾನು ಅದುವರೆಗೆ ಕಂಡವನಲ್ಲ, ಏನೋ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡೋಣವೆನಿಸಿತು. ಸಂಜೆ ಬೆರಳ ತುಂಬ ಗೀರುಗಳೊಂದಿಗೆ ಬಂದು ಸುಮ್ಮನೆ ಸೂಪು ಕುಡಿಯುತ್ತಿದ್ದಳು. ಒಂದು ಶುಕ್ರವಾರ ಹುರಿದ ಮೀನಿನ ಊಟಕ್ಕೆ ಹೊರಡುವ ಮುಂಚೆ, ಅಡುಗೆಮನೆಯ ಗೋಡೆಯ ಮೇಲೆ ಒಂಬತ್ತು ವರ್ಷದಿಂದ ಅಂಟಿಸಿದ್ದ ಹಳೇ ಪ್ಯಾನ್‌ಕೇಕ್ ತಿಂಡಿಯ ಕರಪತ್ರವನ್ನು ಮೆಲ್ಲನೆ ಬಿಡಿಸಿ, ಮಡಿಸಿ, ಡ್ರಾಯರಿನೊಳಗೆ ಇಟ್ಟಳು.

“ಯಾಕೇ ತೆಗೆದೆ?”

“ಈ ಸಲಾನೂ ಕಾರಲ್ಲೇ ಹೋಗೋಣ ಬಿಡು,” ಅಂದಳು. “ಒಬ್ಳೇ ಇಳಿದು ಏನ್ಮಾಡ್ಲಿ? ತಟ್ಟೆ ಹಿಡ್ಕೊಂಡು ಯಾರ ಹತ್ರ ಮಾತಾಡ್ಲಿ?”

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಅವತ್ತು ಮೀನನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ನೆಲದ ಮೇಲೆ ಬದುಕಿರುವುದಕ್ಕಾಗಿ ಹೆಂಡತಿಯ ಒಂಬತ್ತು ವರ್ಷವನ್ನು ಡ್ರಾಯರಿಗೆ ಹಾಕಿಸಿದೆನಲ್ಲ, ನಾನೂ ಒಬ್ಬ ಗಂಡಸೇ ಎಂದು ನನಗೇ ಹೇಸಿಗೆಯಾಯಿತು.

ಶನಿವಾರ ಬೆಳಿಗ್ಗೆ ಅವಳ ಹಿಂದೆಯೇ ಶೆಡ್ಡಿಗೆ ಹೋದೆ. ಅವಳು ಎಡರೆಕ್ಕೆಯ ತುದಿಯಲ್ಲಿ ಮಂಡಿಯೂರಿ ಏನೋ ಮಾಡುತ್ತಿದ್ದಳು. ನಾನು ಅವಳ ಮುಂದೆ ನಿಂತು ಅಂಗಿ ಎತ್ತಿದೆ.

“ವೆರ್ನಾ, ಆ ಅಯಸ್ಕಾಂತ ನಾನೇ ಕಣೇ.”

ಅವಳು ನೋಡಿದಳು. ತಿರುಪು ತಿರುಗಿಸುವುದನ್ನು ನಿಲ್ಲಿಸಲಿಲ್ಲ. “ಗೊತ್ತು,” ಅಂದಳು.

“ಗೊತ್ತಾ? ಯಾವಾಗಿಂದ?”

“ಜನವರಿಯಿಂದ. ಬೆನ್ನಿಗೆ ಟೀ ಚಮಚ ಅಂಟಿಸ್ಕೊಂಡು ನೀನು ಚರ್ಚಿಗೆ ಬಂದಿದ್ದೆ. ನಾನು ‘ಕಸ’ ಅಂದೆನಲ್ಲ, ನನ್ನ ತಾಯಿ ಕೊಟ್ಟ ಚಮಚ ಅದು. ನಾರ್ಬರ್ಟ್ ಅಯಸ್ಕಾಂತ ಅಂದಾಗ ನೀನು ಸೊಂಟ ತಡವಿಕೊಂಡಿದ್ದು ಕಿಟಕಿ ಗಾಜಲ್ಲಿ ಚೆನ್ನಾಗೇ ಕಾಣಿಸ್ತು.”

“ಮತ್ತೆ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?”

“ನೀನಾಗೇ ಹೇಳ್ಲಿ ಅಂತ ಕಾಯ್ತಾ ಇದ್ದೆ. ಹೇಳ್ಲಿಲ್ಲ. ಆಗ ಅಂದ್ಕೊಂಡೆ, ಪಟ್ಟಿ ಕಟ್ಕೊಂಡ ನಾಚಿಕೆ ಅಲ್ಲ ಇದು, ಇವನಿಗೆ ಬರೋದಕ್ಕೇ ಮನಸ್ಸಿಲ್ಲ ಅಂತ. ಬಲವಂತ ಮಾಡಿ ಕರ್ಕೊಂಡು ಹೋಗೋಕೆ ನೀನೇನು ಸ್ಕೂಲ್ ಹುಡುಗನಾ?”

“ಮನಸ್ಸಿಲ್ಲ ಅಂತಲ್ಲ ಕಣೇ,” ಅಂದೆ. “ಭಯ. ನಂಗೆ ಎತ್ತರ ಅಂದ್ರೆ ಭಯ. ಮೊದಲಿಂದ್ಲೂ.”

ವೆರ್ನಾ ತಿರುಪುಳಿ ಕೆಳಗಿಟ್ಟಳು. “ಎಲ್ಡನ್, ಮೂವತ್ತೆಂಟು ವರ್ಷದಿಂದ ನಮ್ಮನೆ ಮಾಡಿನ ಮೇಲೆ ಹತ್ತಿ ಎಲೆ ಗುಡಿಸ್ತಾ ಇರೋದು ಯಾರು?”

ನಾನು ಯೋಚಿಸಿದೆ. ಅವಳೇ. ಇದು ನನ್ನ ತಲೆಗೆ ಯಾವತ್ತೂ ಹೊಳೆದಿರಲಿಲ್ಲ.

“ಬಾ ಇಲ್ಲಿ,” ಎಂದು ರೆಕ್ಕೆಯ ತುದಿಯ ಮುಚ್ಚಳ ತೆರೆದು ತೋರಿಸಿದಳು. ಒಳಗೆ ಚೊಕ್ಕವಾದ ಪುಟ್ಟ ಅಲ್ಯೂಮಿನಿಯಂ ಹಲಗೆ. ಅದರ ಮೇಲೆ ನಾಲ್ಕು ಹಿತ್ತಾಳೆ ತಿರುಪುಗಳಲ್ಲಿ ತಮ್ಮ ಕೂತಿದ್ದ. ಅಲ್ಲಿಂದ ತಂತಿಯೊಂದು ಇಡೀ ರೆಕ್ಕೆಯ ಉದ್ದಕ್ಕೂ, ಒಳಗಿನ ಪಕ್ಕೆಲುಬಿನಂಥ ಅಡ್ಡಹಲಗೆಗಳ ತೂತು ತೂತಿನಲ್ಲೂ ನುಸುಳಿ ಹೋಗಿತ್ತು. ಎರಡು ವಾರದ ಗೀರುಗಳು ಎಲ್ಲಿಂದ ಬಂದವೆಂದು ಆಗ ತಿಳಿಯಿತು. “ಬಲಗಡೆ ಸೀಟಿಂದ ಅಳತೆ ಹಿಡಿದು ನೋಡ್ದೆ. ಇಡೀ ವಿಮಾನದಲ್ಲಿ ನಿನ್ನಿಂದ ಅತಿ ದೂರದ ಜಾಗ ಇದೇ. ಒಂದೊಮ್ಮೆ ನೀನು ಬಂದ್ರೆ, ಪಟ್ಟಿ ಬಿಚ್ಚಿ ಸೊಂಟ ನೋಯಿಸ್ಕೊಂಡು ಕೂರೋದು ಬೇಡ ಅಂತ.”

ಬಿಚ್ಚು ಅಂದಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ. ನನ್ನ ಬೆಪ್ಪುತನಕ್ಕೆ ಜಾಗ ಮಾಡಿಕೊಡಲು ಈ ಪುಣ್ಯಾತ್ಗಿತ್ತಿ ಇಡೀ ರೆಕ್ಕೆಯನ್ನೇ ಬಗೆದಿದ್ದಳು. ಅವಳ ಗೀರುಬಿದ್ದ ಬೆರಳು ಹಿಡಿದುಕೊಂಡು, “ಬರ್ತೀನಿ ಕಣೇ,” ಅಂದೆ.

“ಕಣ್ಣು ಮುಚ್ಕೊಂಡು ಕೂತ್ಕೋಬಹುದು. ನಾನೇನೂ ಅನ್ನಲ್ಲ,” ಅಂದಳು.

ನಿಯಮದ ಪ್ರಕಾರ ನಲವತ್ತು ಗಂಟೆ ಅವಳೊಬ್ಬಳೇ ಹಾರಿ ಪರೀಕ್ಷೆ ಮಾಡಿದಳು. ಅಷ್ಟೂ ಗಂಟೆ ನಾನು ಮೈದಾನದ ಬೇಲಿ ಹಿಡಿದುಕೊಂಡು, ಮೇಲೆ ಹೋದವಳು ಕೆಳಗೆ ಬರುವ ತನಕ ಉಸಿರು ಬಿಗಿಹಿಡಿದು ನಿಂತಿದ್ದೆ. ಪಕ್ಕದಲ್ಲಿ ಕೂರುವುದೇ ವಾಸಿ ಎನಿಸಿಬಿಟ್ಟಿತು. ಜೂನ್ ತಿಂಗಳ ಆ ಭಾನುವಾರ ಕೂತೆ. ದಿಕ್ಕು ಒಂದು ಡಿಗ್ರಿಯೂ ಕದಲಲಿಲ್ಲವಂತೆ. (‘ಅಂತೆ’ ಯಾಕೆಂದರೆ ನಾನು ದಾರಿಯುದ್ದಕ್ಕೂ ಕಣ್ಣು ಬಿಡಲಿಲ್ಲ. ಒಂದೇ ಒಂದು ಸಲ, ಅವಳು ಹಾಡು ಗುನುಗಿದ್ದು ಕೇಳಿ ಅರ್ಧ ಕಣ್ಣು ತೆರೆದೆ. ಕೆಳಗಿನ ಹೊಲಗಳಲ್ಲ, ಅವಳ ಮುಖ ಕಾಣಿಸಿತು. ಅಷ್ಟಕ್ಕೇ ಬಂದದ್ದು ಸಾರ್ಥಕವಾಯಿತು.)

ನಾವು ಮೇಲಿಂದ ಬಂದು ಇಳಿದೆವು. ಕೈಬೀಸಿದೆವು. ಕೆಸರಿನ ಪಂಗಡದವರು ಕಾರುಗಳ ಪಕ್ಕ ನಿಂತು ನಮ್ಮನ್ನು ನೋಡಿದರು. ನಾನು ತಟ್ಟೆಯಲ್ಲಿ ಪ್ಯಾನ್‌ಕೇಕ್ ಹಾಕಿಸಿಕೊಂಡು, ಹುಟ್ಟಾ ವೈಮಾನಿಕನ ಠೀವಿಯಲ್ಲಿ ಬಂದು ನೋಡುತ್ತೇನೆ, ನಮ್ಮ ವಿಮಾನದ ಎಡರೆಕ್ಕೆಯ ತುದಿಯಲ್ಲಿ ಜನವೋ ಜನ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದಾರೆ. ನಾರ್ಬರ್ಟ್ ಅಂತೂ ಕಣ್ಣೊರೆಸಿಕೊಳ್ಳುತ್ತಿದ್ದಾನೆ.

ಮನೆಯಲ್ಲಿ ಕಟ್ಟಿದ ವಿಮಾನಗಳಿಗೆ ಅಲ್ಲಲ್ಲಿ ಎಚ್ಚರಿಕೆಯ ಫಲಕ ಹಚ್ಚುವ ರೂಢಿ ಇದೆ. ‘ಇಲ್ಲಿ ಕಾಲಿಡಬೇಡಿ’, ‘ಇಲ್ಲಿ ತಳ್ಳಬೇಡಿ’, ಹೀಗೆ. ರೆಕ್ಕೆಯ ತುದಿಯ ಮುಚ್ಚಳದ ಮೇಲೆ ವೆರ್ನಾ ಕೆಂಪು ಅಕ್ಷರದ ಫಲಕವೊಂದನ್ನು ನೀಟಾಗಿ ರಿವೆಟ್ ಹೊಡೆದು ಕೂರಿಸಿದ್ದಳು.

‘ಸೂಕ್ಷ್ಮ ಉಪಕರಣ. ಎಲ್ಡನ್‌ನಿಂದ ದೂರವಿಡಿ.’

“ಯಾರಪ್ಪಾ ಈ ಎಲ್ಡನ್?” ಎಂದು ಸಿರಪ್ಪು ಬಡಿಸುತ್ತಿದ್ದ ಅಜ್ಜಿ ನನ್ನನ್ನೇ ಕೇಳಿದರು.

“ಯಾರೋ ಏನೋ, ನಂಗೊತ್ತಿಲ್ಲ ತಾಯಿ,” ಎಂದು ಹೇಳಿ, ತಟ್ಟೆ ಹಿಡಿದು ಗಂಭೀರವಾಗಿ ಬೆನ್ನು ತಿರುಗಿಸಿ ಹೊರಟೆ.

“ಏ ಯಜಮಾನ್ರೇ, ನಿಲ್ಲಿ!” ಅಜ್ಜಿ ಹಿಂದಿನಿಂದ ಕೂಗಿದರು. “ನಮ್ಮ ಫೋರ್ಕು ಬಿಟ್ಟು ಹೋಗಿ. ಮೂರಿದೆ, ನಿಮ್ಮ ಬೆನ್ನಲ್ಲಿ.”