ಜರಟಕ ಹುಟ್ಟಿದ ಬಗೆ

ಆಗ ನನಗೆ ಐವತ್ತೊಂಬತ್ತು. ಇದಾಗಿ ಒಂಬತ್ತು ವರ್ಷವಾಯಿತು. ಆ ವಯಸ್ಸಿಗೆ ಬುದ್ಧಿ ಬಂದಿರಬೇಕಿತ್ತು, ಬಂದಿರಲಿಲ್ಲ. ಬಿಳಗಿ ಕಡೆಯ ನಮ್ಮ ಹಳ್ಳಿಯ ಅಂಗನವಾಡಿಯಲ್ಲಿ ಮಕ್ಕಳಿಗೆ ಬೇಯಿಸಿ ಬಡಿಸುವುದು ಆಗ ನನ್ನ ಕೆಲಸ. ಬೇಯಿಸುವುದು ಸುಲಭ, ತಿನ್ನಿಸುವುದು ಕಷ್ಟ. ಗುಮ್ಮ ಎಂದರೆ ಈಗಿನ ಮಕ್ಕಳು ನಗುತ್ತವೆ. ಹಾಗಾಗಿ ನಾನೇ ಒಬ್ಬನನ್ನು ಹುಟ್ಟಿಸಿದ್ದೆ. ಜರಟಕ.

ಹುಟ್ಟಿಸಿದ್ದು ಹೇಗೆಂದು ಹೇಳಲು ನಾಚಿಕೆ. ಕೊಡೆ ರಿಪೇರಿಯ ತಿಮ್ಮಣ್ಣನಿಗೆ ಒಂದು ಕಾಲು ಸಣ್ಣ. ಮಳೆಗೆ ಮುಂಚೆ ಊರೂರು ತಿರುಗುತ್ತ ನಮ್ಮ ಗೋಡೆಯಾಚೆ ಹೋಗುವಾಗ ಕಾಲು ಜರ್ರ್ ಎಂದು ಎಳೆಯುತ್ತಿತ್ತು, ಕೋಲು ಟಕ್ ಎನ್ನುತ್ತಿತ್ತು. ಒಂದು ದಿನ, "ಕೇಳ್ತಾ? ಜರಟಕ ಬಂದ!" ಎಂದೆ. ಹದಿನೈದು ಬಾಯಿ ಒಟ್ಟಿಗೆ ತೆರೆದವು. ತಾಯಂದಿರು ಆ ಮಾತನ್ನು ಮನೆಗೊಯ್ದರು. ಮದುವೆಯಾಗಿ ಹೋದ ಹುಡುಗಿಯೊಬ್ಬಳು ಯಲ್ಲಾಪುರಕ್ಕೂ ಮುಟ್ಟಿಸಿದಳು. ಸಹಿ ಹಾಕಲು ಎರಡು ನಿಮಿಷ ತೆಗೆದುಕೊಳ್ಳುವ ನಾನು ಹೊಸ ಶಬ್ದ ಮಾಡಿದೆನೆಂದು ಹಿಗ್ಗಿ ತಿರುಗಿದೆ.

ತಿಮ್ಮಣ್ಣ ಮುದುಕನಾಗಿ ತಿರುಗಾಟ ಬಿಟ್ಟು ಮನೆಯಲ್ಲೇ ಕೊಡೆ ರಿಪೇರಿಗೆ ಕೂತ ಮೇಲೂ, ನಾನು ಸೌಟನ್ನು ನೆಲಕ್ಕೆ ಜರ್ರ್ ಎಂದು ಎಳೆದು ಟಕ್ ಎಂದು ಕುಟ್ಟಿ ಮಕ್ಕಳಿಗೆ ಉಣ್ಣಿಸುತ್ತಿದ್ದೆ. ಒಂದು ದಿನ ಅವನೇ ಮೊಮ್ಮಗಳನ್ನು ಹೊಸದಾಗಿ ಸೇರಿಸಲು ಅಂಗನವಾಡಿಗೆ ಬಂದ. ಅವಳು ಅನ್ನ ಮುಟ್ಟಲಿಲ್ಲ. ಇವನು ಮೆಟ್ಟಿಲ ಮೇಲೆ ಕೂತು, "ತಿನ್ನೇ ಹೆಣ್ಣೇ, ಇಲ್ದಿದ್ರೆ ಜರಟಕ ಬಂದು ಹೊತ್ಕೊಂಡು ಹೋಗ್ತಾನೆ ನೋಡು" ಎಂದ. ನನ್ನ ಕೈಯ ಸೌಟು ಅಲ್ಲೇ ನಿಂತಿತು.

"ಅಲ್ಲ ಅಕ್ಕಾ, ಈ ಜರಟಕ ಅಂದ್ರೆ ಎಂತದು? ನಮ್ಮ ಕಾಲಕ್ಕೆ ಗುಮ್ಮ ಮಾತ್ರ ಇದ್ದಿದ್ದ. ಇವ ಎಲ್ಲಿಂದ ಬಂದ ಮಾರಾಯ್ತಿ?"

"ಯಾರಿಗೆ ಗೊತ್ತು? ಘಟ್ಟದ ಕೆಳಗಿಂದ ಬಂದಿರ್ಬೇಕು" ಎಂದೆ.

"ಅಂಥವೆಲ್ಲ ಅಲ್ಲಿಂದ್ಲೇ ಬರೂದು" ಎಂದು ನಗುತ್ತ ಎದ್ದು ಹೊರಟ. ಜರ್ರ್... ಟಕ್. ಮಕ್ಕಳೆಲ್ಲ ತಟ್ಟೆ ಎಳೆದುಕೊಂಡು ಗಬಗಬ ತಿನ್ನತೊಡಗಿದವು. ಅವನ್ನು ನೋಡಿ ಅವನ ಮೊಮ್ಮಗಳೂ. ತಿಮ್ಮಣ್ಣ ನಿಂತ. ಮಕ್ಕಳೂ ನಿಂತವು. ಇನ್ನೊಂದು ಹೆಜ್ಜೆ ಇಟ್ಟ, ಮತ್ತೆ ಗಬಗಬ. ಅವನು ತಟ್ಟೆಗಳನ್ನು ನೋಡಿದ, ತನ್ನ ಕಾಲು ನೋಡಿಕೊಂಡ, ಆಮೇಲೆ ನನ್ನ ಮುಖ ನೋಡಿದ. ನಾನು ಖಾಲಿ ಪಾತ್ರೆಯೊಳಗೆ ಸೌಟು ಆಡಿಸತೊಡಗಿದೆ.

"ಮಕ್ಕಳು ಉಂಡ್ವಲ್ಲ, ಬಿಡು ಅಕ್ಕಾ" ಎಂದ. ಕೋಲನ್ನು ಕಂಕುಳಲ್ಲಿ ಇಟ್ಟು, ಗೋಡೆ ಹಿಡಿದುಕೊಂಡು, ಸದ್ದಾಗದ ಹಾಗೆ ಕಾಲೆತ್ತಿ ಎತ್ತಿ ಗೇಟಿನವರೆಗೆ ಹೋದ.

ತಪ್ಪಾಯಿತು ಎನ್ನಲು ಬರಿಗೈಯಲ್ಲಿ ಹೋಗುವ ಧೈರ್ಯ ನನಗಿಲ್ಲ. ಮರುದಿನ ಬೆಳಿಗ್ಗೆ ಎದ್ದವಳೇ, ಸರಿಯಾಗಿದ್ದ ನನ್ನ ಕೊಡೆಯ ಎರಡು ಕಡ್ಡಿ ಮುರಿದು, ರಿಪೇರಿಗೆಂದು ಅವನ ಮನೆಗೆ ಹೋದೆ.