ಅಕ್ಕಯ್ಯನ ಮೂರನೆಯ ಕಿವಿ

ನಮ್ಮ ಅಕ್ಕಯ್ಯನಿಗೆ ಮೂರು ಕಿವಿಗಳಿದ್ದವು. ನಗಬೇಡಿ, ಎಣಿಸಿಯೇ ಹೇಳುತ್ತಿದ್ದೇನೆ! ಎರಡು ಎಲ್ಲರಿಗಿರುವಂತೆ ತಲೆಯ ಆಚೆಗೊಂದು ಈಚೆಗೊಂದು ಇದ್ದವು. ಕನ್ನಡಕ ಸಿಕ್ಕಿಸಿಕೊಳ್ಳುವುದು ಬಿಟ್ಟರೆ ಅವುಗಳಿಂದ ಬೇರೆ ಉಪಯೋಗವಿರಲಿಲ್ಲ. ಮೂರನೆಯದು ಎದೆಯ ಮೇಲಿತ್ತು. ಅದಕ್ಕೆ ಮಳೆ ತಾಗಬಾರದು, ಧೂಳು ತಾಗಬಾರದು, ಬೆವರು ತಾಗಬಾರದು, ಬಿಸಿಲಂತೂ ಬಡಿಯಲೇಬಾರದು. ಈ ನಾಲ್ಕೂ ಇಲ್ಲದ ದಿನ ನಮ್ಮ ಮಂಡ್ಯದಲ್ಲಿ ವರ್ಷಕ್ಕೆ ಎಷ್ಟು ಸಿಕ್ಕೀತು, ನೀವೇ ಹೇಳಿ.

ಅಕ್ಕಯ್ಯ ನನ್ನ ಯಜಮಾನರ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಅಳುತ್ತಾ ಕೂರದೆ ಮೈಸೂರಿಗೆ ಹೋಗಿ ಹೆರಿಗೆ ಮಾಡಿಸುವ ಕೆಲಸ ಕಲಿತು ಬಂದವರು. ಗುತ್ತಲಿನಿಂದ ಹಿಡಿದು ಮಳವಳ್ಳಿಯವರೆಗೆ ಅವರು ಎಲ್ಲರಿಗೂ ‘ನರ್ಸಮ್ಮ’. ನಾಲೆಯ ನೀರು ಬಂದ ಹೊಸದರಲ್ಲಿ ಊರಿಗೆ ಊರೇ ಚಳಿಜ್ವರದಲ್ಲಿ ನಡುಗಿತಲ್ಲ, ಆಗ ಅಕ್ಕಯ್ಯನೂ ಮಲಗಿದರು. ಕ್ವಿನೈನ್ ನುಂಗಿ ನುಂಗಿ ಜ್ವರವೇನೋ ಹೋಯಿತು. ಹೋಗುವಾಗ ಎರಡು ಕಿವಿಗಳನ್ನೂ ಜೊತೆಗೆ ಕರೆದುಕೊಂಡು ಹೋಯಿತು! ಹೆರುವವಳು ಕೂಗಿದ್ದು ಕೇಳದ ನರ್ಸಮ್ಮನನ್ನು ಯಾರು ಕರೆಯುತ್ತಾರೆ? ಕೆಲಸ ಬಿಡಬೇಕಾಗುತ್ತದೆ ಎನ್ನುವ ಹೊತ್ತಿಗೆ, ಅವರಿಗೆ ಪಾಠ ಹೇಳಿದ್ದ ಡಾಕ್ಟರಮ್ಮ ಮದರಾಸಿನಿಂದ ಕಿವಿ ಕೇಳಿಸುವ ಯಂತ್ರವೊಂದನ್ನು ತರಿಸಿಕೊಟ್ಟರು. ಅದೇ ಆ ಮೂರನೆಯ ಕಿವಿ.

ಎದೆಗೆ ಸದ್ದು ಹಿಡಿಯುವ ಒಂದು ಪೆಟ್ಟಿಗೆ, ಸೊಂಟಕ್ಕೆ ಇಟ್ಟಿಗೆಯಷ್ಟು ಭಾರದ ಬ್ಯಾಟರಿ, ಕಿವಿಗೆ ಅದನ್ನು ಕೇಳಿಸುವ ಒಂದು ಗುಂಡಿ, ಮೂರಕ್ಕೂ ಸಂಬಂಧ ಬೆಸೆಯಲು ಸಣ್ಣ ವೈರು. ಇದನ್ನೆಲ್ಲ ಹೊತ್ತುಕೊಂಡು ಊರೂರು ತಿರುಗುವುದು ಹೇಗೆ? ಅಕ್ಕಯ್ಯ ಸೀದಾ ಪೇಟೆಯ ದರ್ಜಿ ಸಾಬರ ಅಂಗಡಿಗೆ ಹೋದರು, ನನ್ನನ್ನೂ ಎಳೆದುಕೊಂಡು.

“ರವಿಕೆಗೆ ಜೇಬು ಇಡಬೇಕು. ಒಳಗಡೆ ಹತ್ತಿ, ಮೇಲೆ ಆಯಿಲ್ ಕ್ಲಾತು, ಬಾಯಿಗೆ ಲಾಡಿ” ಎಂದರು.

“ರವಿಕೆಗೆ ಜೇಬಾ ನರ್ಸಮ್ಮ? ಬೀಡಿ ಗೀಡಿ ಇಟ್ಕಳ್ಳಾಕಾ?”

“ಬೀಡಿಗಲ್ಲ ಕಣಪ್ಪ, ಕಿವಿಗೆ!”

ಸಾಬರು ಹೆಗಲ ಮೇಲಿನ ಟೇಪನ್ನು ತೆಗೆದರು, ಅಕ್ಕಯ್ಯನನ್ನು ನೋಡಿದರು, ಟೇಪನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. “ಅಮ್ಮಾ, ಸಣ್ಣೋನಾಗಿದ್ದಾಗಿಂದ ಒಲೀತಾ ಇವ್ನಿ. ಕಿವಿಗೆ ಅಳತೆ ತಕ್ಕಂಡಿದ್ದು ಮಾತ್ರ ಇಲ್ಲ!”

ಆದರೂ ಹೊಲಿದುಕೊಟ್ಟರು, ಎಂಥ ಜೇಬು ಅಂತೀರಿ! ಅಂದಿನಿಂದ ಮಳೆ ಬಂದರೆ ಲೋಕವೆಲ್ಲ ತಲೆಗೆ ಕೊಡೆ ಹಿಡಿದರೆ ಅಕ್ಕಯ್ಯ ಎದೆಗೆ ಹಿಡಿಯುತ್ತಿದ್ದರು. ತಲೆ ನೆನೆದರೆ ಒರೆಸಿಕೊಳ್ಳಬಹುದಂತೆ. ಎತ್ತಿನ ಗಾಡಿಯಲ್ಲಿ ಮೆತ್ತನೆ ಹುಲ್ಲಿನ ಜಾಗ ಯಂತ್ರಕ್ಕೆ, ಬರಿಯ ಹಲಗೆ ಜೊತೆಗೆ ಹೋಗುವ ನನಗೆ. ಇನ್ನು ಹೊಳೆ ದಾಟುವ ಪ್ರಯಾಣವಾದರೆ ತಿರುಪಿನ ಮುಚ್ಚಳದ ಹಿತ್ತಾಳೆ ಡಬ್ಬಿಯೇ ಬೇಕು. ಅದರೊಳಗೆ ಹತ್ತಿ ಹಾಸಿ, ತೇವ ಹೀರಲೆಂದು ಹುರಿದ ಅಕ್ಕಿಯ ಪುಟ್ಟ ಗಂಟಿಟ್ಟು, ಯಂತ್ರವನ್ನು ಹಸುಗೂಸಿನಂತೆ ಮಲಗಿಸುತ್ತಿದ್ದರು. ಅದೇ ಡಬ್ಬಿಯಲ್ಲಿ ಬ್ಯಾಟರಿಗೆ ಬೇರೆ ಮಡಿ ಹಾಸಿಗೆ!

ಒಮ್ಮೆ ಮಳವಳ್ಳಿಗೆ ಬಸ್ಸಿನಲ್ಲಿ ಹೊರಟೆವು. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ನೀರೊಲೆಯಂಥ ಹಂಡೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ನಿಂತರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಧೂಳು ಬರುತ್ತದೆಂದು ಅಕ್ಕಯ್ಯ ಕಿವಿಯ ಗುಂಡಿಯನ್ನು ಕಿತ್ತು, ಪೆಟ್ಟಿಗೆಯ ಜೊತೆ ಮಡಿಲಿಗೆ ಹಾಕಿಕೊಂಡು ಸೆರಗು ಮುಚ್ಚಿದರು. ಆದರೆ ತಿರುಪು ತಿರುಗಿಸಿ ಆರಿಸುವುದನ್ನು ಮರೆತಿದ್ದರು. ಗುಂಡಿಯೂ ಪೆಟ್ಟಿಗೆಯೂ ಹತ್ತಿರ ಬಂದರೆ ಆ ಯಂತ್ರ ‘ಕುಂಯ್ಯ್’ ಎಂದು ಸಿಳ್ಳೆ ಹೊಡೆಯುತ್ತಿತ್ತು. ಹೊಡೆಯಿತು! ಕಂಡಕ್ಟರ್ ಸೀಟಿ ಊದಿದನೆಂದು ಡ್ರೈವರು ಗಕ್ಕನೆ ಬ್ರೇಕು ಹಾಕಿದ. ಗಂಡಸರು ಇಳಿದು ತಳ್ಳಿದರು. ಇನ್ನೊಂದು ಫರ್ಲಾಂಗು ಹೋಗಿತ್ತೋ ಇಲ್ಲವೋ, ಮತ್ತೆ ‘ಕುಂಯ್ಯ್’! ಮತ್ತೆ ಬ್ರೇಕು, ಮತ್ತೆ ತಳ್ಳು.

“ಯಾವನ್ಲಾ ಅವ್ನು ಸೀಟಿ ಊದ್ತಿರೋನು?” ಎಂದು ಡ್ರೈವರು ಗದರಿದ.

“ನಾನಲ್ಲ ಕಣಣ್ಣ! ನನ್ ಸೀಟಿ ಇನ್ನೂ ಜೇಬ್ನಲ್ಲೇ ಐತೆ!” ಎಂದು ಕಂಡಕ್ಟರು ಅಳುವ ಹಾಗಾದ.

ಅಕ್ಕಯ್ಯನಿಗೆ ಇದಾವುದೂ ಕೇಳದು. “ಪಾಪ, ಡ್ರೈವರ್‌ಗೆ ಬಸ್ಸು ಓಡ್ಸೋಕೇ ಬರಲ್ಲ” ಎಂದು ನನಗೆ ಹೇಳಿದರು. ನಾನು ಸೆರಗಿನೊಳಗೆ ಕೈಹಾಕಿ ತಿರುಪು ತಿರುಗಿಸಿದೆ. ಬಸ್ಸು ಸರಿಹೋಯಿತು. ನಾನು ಬಚಾವಾದೆ ಎಂದುಕೊಂಡೆ. ಕಿವಿ ಕೇಳದವರಿಗೆ ತಮ್ಮ ಗಂಟಲು ಎಷ್ಟು ದೊಡ್ಡದೆಂಬ ಅಂದಾಜು ಇರುವುದಿಲ್ಲವಲ್ಲ! ಹತ್ತು ನಿಮಿಷ ನನ್ನ ಮುಖವನ್ನೇ ನೋಡಿದವರು, ಗುಟ್ಟು ಕೇಳುವವರಂತೆ ಬಗ್ಗಿ, ಹೊಲದಲ್ಲಿದ್ದವರೂ ತಿರುಗಿ ನೋಡುವಷ್ಟು ಜೋರಾಗಿ, “ಏನಮ್ಮಿ, ಮುಟ್ಟು ನಿಂತು ಎಷ್ಟ್ ದಿವ್ಸ ಆಯ್ತೆ?” ಎಂದರು.

ಬಸ್ಸಿಗೆ ಬಸ್ಸೇ ನನ್ನತ್ತ ತಿರುಗಿತು. ಹಿಂದಿನ ಸೀಟಿನ ಅಜ್ಜಿಯೊಬ್ಬಳು ಮಡಿಲಿನಿಂದ ಎರಡು ಮೂಸಂಬಿ ತೆಗೆದು ನನ್ನ ಕೈಗಿಟ್ಟಳು. “ತಿನ್ನವ್ವ, ಬಯಕೆಗೆ ಒಳ್ಳೇದು” ಎಂದಳು. ಗಂಡನಿಗಿಂತ ಮೊದಲು ಮಳವಳ್ಳಿ ಬಸ್ಸಿಗೆ ತನ್ನ ಗರ್ಭದ ಸುದ್ದಿ ಮುಟ್ಟಿಸಿದ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು!

ಆ ಸಲವೇ ಶಿವನಸಮುದ್ರದ ಜಲಪಾತಕ್ಕೂ ಹೋದೆವು. ತುಂತುರು ಹಾರುತ್ತದೆಂದು ಅಕ್ಕಯ್ಯ ಯಂತ್ರವನ್ನು ದೂರದ ಮಂಟಪದಲ್ಲಿ ನನ್ನ ವಶಕ್ಕೆ ಬಿಟ್ಟು ಒಬ್ಬರೇ ಅಂಚಿಗೆ ಹೋಗಿ ನಿಂತರು. ಅವರು ಹಿಂದಿರುಗಿದ ಮೇಲೆ, ಅಷ್ಟು ದೂರ ಬಂದು ಶಬ್ದ ಕೇಳಲಿಲ್ಲವಲ್ಲ ಎಂದು ನಾನು ಸನ್ನೆಯಲ್ಲಿ ಪೇಚಾಡಿದೆ. “ಇದುಕ್ಕೆಲ್ಲ ಬ್ಯಾಟರಿ ಯಾಕೆ ದಂಡ? ಪಾದದಲ್ಲೇ ಕೇಳುಸ್ತು!” ಎಂದು ಮಗುವಿನ ಹಾಗೆ ನಕ್ಕರು.

ನನ್ನ ಮಗ ಓಡಾಡುವಷ್ಟಾದ ಮೇಲಿನ ಒಂದು ಮಳೆಗಾಲ. ಅಂದು ಅಕ್ಕಯ್ಯನೂ ನಾನೂ ಮದ್ದೂರಿನಲ್ಲಿದ್ದೆವು. ಮಧ್ಯಾಹ್ನದ ಊಟಕ್ಕೆ ಕೂರುವ ಹೊತ್ತಿಗೆ ವೈದ್ಯನಾಥಪುರದ ಆಚೆ ದಡದ ಹಳ್ಳಿಯಿಂದ ಒಬ್ಬ ರೈತ ಏದುಸಿರು ಬಿಡುತ್ತಾ ಬಂದ. ಹೆಂಡತಿಗೆ ನೋವು ಶುರುವಾಗಿ ಒಂದು ದಿನವಾಗಿತ್ತು. ಮೊದಲಿನ ಎರಡು ಕೂಸುಗಳು ದಕ್ಕಿರಲಿಲ್ಲ. “ಇದೊಂದ ಉಳಿಸ್ಕೊಡ್ರವ್ವ” ಎಂದು ನಿಂತಲ್ಲೇ ಕೈ ಮುಗಿದ.

ಶಿಂಷೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಹರಿಗೋಲಿನಲ್ಲಿ ಅಕ್ಕಯ್ಯ ಯಂತ್ರದ ಡಬ್ಬಿಯನ್ನು ಎದೆಗವಚಿಕೊಂಡು ಕೂತರು. ಆಚೆ ದಡ ಇನ್ನೇನು ಬಂತು ಎನ್ನುವಾಗ ಹರಿಗೋಲು ಮರಳ ದಿಬ್ಬಕ್ಕೆ ತಾಕಿ ಮಗುಚಿತು. ಸದ್ಯ, ಸೊಂಟದವರೆಗಿನ ನೀರು. ನಾನು ಎರಡು ಗುಟುಕು ಕುಡಿದು ಎದ್ದೆ. ಅಕ್ಕಯ್ಯ ಮಾತ್ರ ಕಾಣಿಸಲಿಲ್ಲ. ನೀರಿನ ಮೇಲೆ ಒಂದು ಕೈ, ಕೈಯಲ್ಲಿ ಹಿತ್ತಾಳೆ ಡಬ್ಬಿ! ರೈತ ಅವರ ತೋಳಿಗೆ ಕೈಹಾಕಿದಾಗ ತಲೆ ಮೇಲೆ ಬಂತು.

“ನನ್ನ ಯಾಕ್ಲಾ ಹಿಡ್ಕತೀಯೆ? ಡಬ್ಬಿ ಹಿಡ್ಕೊ!”

ಹೆರಿಗೆಯ ಚೀಲ ಪೂರ್ತಿ ನೆನೆದಿತ್ತು. ಅಕ್ಕಯ್ಯ ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. “ಕತ್ತರೀನ ಕುದಿಸಿದ್ರಾಯ್ತು, ಇದನ್ನ ಕುದಿಸೋಕಾಯ್ತದಾ?” ಎಂದು ಸೀರೆಯನ್ನೂ ಹಿಂಡದೆ ದಡ ಹತ್ತಿದರು.

ಇಳಿಹೊತ್ತಿಗೆ ಕೂಸು ಹುಟ್ಟಿತು. ಅಳಲಿಲ್ಲ. ಮೈಯೆಲ್ಲ ನೀಲಿ. ಅಕ್ಕಯ್ಯ ಬಾಯಿ ಒರೆಸಿ, ತಲೆಕೆಳಗೆ ಹಿಡಿದು, ಬೆನ್ನು ತಟ್ಟಿದರು. ಉಹೂಂ. ಕೂಸಿನ ಅಜ್ಜಿ ಮೂಗಿನ ಹತ್ತಿರ ಬೆರಳಿಟ್ಟು, ಕಿವಿಗೊಟ್ಟು ನೋಡಿ, “ಓಯ್ತು ಕಣವ್ವ, ಇದೂ ಓಯ್ತು” ಎಂದು ಗೋಡೆಗೆ ಒರಗಿಬಿಟ್ಟಳು. ನಾನೂ ಕಿವಿಯಿಟ್ಟೆ. ನನಗೂ ಏನೂ ಕೇಳಲಿಲ್ಲ.

ಅಕ್ಕಯ್ಯ ಕೈ ಒರೆಸಿಕೊಂಡು ಡಬ್ಬಿ ತೆರೆದರು. ಗುಂಡಿಯನ್ನು ಕಿವಿಗೆ ಸಿಕ್ಕಿಸಿ, ತಿರುಪನ್ನು ಪೂರಾ ತಿರುಗಿಸಿ, ಪೆಟ್ಟಿಗೆಯನ್ನು ಕೂಸಿನ ಬಾಯಿಗೆ ಹಿಡಿದರು. “ಉಸ್! ಯಾರೂ ಅಲ್ಲಾಡ್ಬೇಡಿ!” ನಾವು ಉಸಿರು ಬಿಗಿಹಿಡಿದೆವು. ಅವರು ಕಣ್ಣು ಮುಚ್ಚಿದರು. ಎಷ್ಟು ಹೊತ್ತು ಹಾಗಿದ್ದರೋ.

“ಐತೆ! ಕೊರ್ ಅಂತೈತೆ! ಬಿಸಿನೀರು ತನ್ನಿ!”

ಬಾಯಿಗೆ ಬಾಯಿಟ್ಟು ಮೆಲ್ಲಗೆ ಊದಿದರು, ಬಿಸಿಬಟ್ಟೆಯಲ್ಲಿ ಉಜ್ಜಿದರು, ಮತ್ತೆ ಪೆಟ್ಟಿಗೆ ಹಿಡಿದು ಕೇಳಿದರು, ಮತ್ತೆ ಊದಿದರು. ಹೀಗೆ ಎಷ್ಟು ಸಲವೋ. ಕೊನೆಗೊಮ್ಮೆ ಪೆಟ್ಟಿಗೆಯನ್ನು ಬಾಯಿಗೆ ತೀರಾ ಹತ್ತಿರ ತಂದಿದ್ದಾಗಲೇ ಕೂಸು ಕಿಟಾರನೆ ಕಿರುಚಿಕೊಂಡಿತು. ಅಕ್ಕಯ್ಯ ಗುಂಡಿ ಕಿತ್ತುಕೊಂಡು ಎಗರಿಬಿದ್ದರು. “ಅಯ್ಯಯ್ಯೋ, ಇದ್ದ ಒಂದ್ ಕಿವೀನೂ ಕಿತ್ತಾಕ್ಬುಟ್ಟಲ್ಲೋ ನನ್ ಮಗ್ನೇ!” ಅಳುತ್ತಿದ್ದ ಅಜ್ಜಿ ನಗಲು ಶುರುಮಾಡಿದಳು. ಹೊರಗಿದ್ದ ಅಪ್ಪ ಬಾಗಿಲಿಗೆ ಹಣೆಯಿಟ್ಟು ನಿಂತುಬಿಟ್ಟ.

ಅತ್ತು ಸುಸ್ತಾದ ಕೂಸು ಬಟ್ಟೆಯೊಳಗೆ ಬೆಚ್ಚಗಾಗಿ ತಾಯಿಯ ಪಕ್ಕದಲ್ಲಿ ನಿದ್ದೆಹೋಯಿತು. ಅದು ಸುಮ್ಮನಾದದ್ದೇ ತಡ, ಹೆತ್ತ ಆ ಹುಡುಗಿ ಹೆದರಿದಳು. “ಸದ್ದಿಲ್ವಲ್ಲವ್ವ... ಮತ್ತೆ ಸದ್ದಿಲ್ವಲ್ಲ...” ನಾವು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಎರಡು ಸಲ ಮೋಸಹೋದವಳು ಹೇಗೆ ನಂಬಿಯಾಳು?

ಅಕ್ಕಯ್ಯ ಗುಂಡಿಯನ್ನು ಹತ್ತಿಯಲ್ಲಿ ಒರೆಸಿ ಅವಳ ಕಿವಿಗೆ ಇಟ್ಟರು. ಪೆಟ್ಟಿಗೆಯನ್ನು ಕೂಸಿನ ಮುಖದ ಬಳಿ ಇಟ್ಟು ಅವಳ ಕೈಯನ್ನು ಅದರ ಮೇಲಿರಿಸಿದರು. ಹುಡುಗಿಯ ಕಣ್ಣು ಅಗಲವಾಯಿತು.

“ಏನೋ... ತಿದಿ ಊದ್ದಂಗೆ ಕೇಳ್ತದಲ್ಲವ್ವ?”

“ನಿನ್ನ ಮಗ ಉಸಿರಾಡ್ತಾ ಇರೋದು ಕಣೆ” ಎಂದೆ.

ಅವಳು ತುಟಿ ಕಚ್ಚಿಕೊಂಡು ಕೇಳುತ್ತಲೇ ಮಲಗಿದಳು. ಬಹಳ ಹೊತ್ತಾಯಿತು. ಆ ಯುದ್ಧಕಾಲದಲ್ಲಿ ಮದರಾಸಿನಿಂದ ಮುಂದಿನ ಬ್ಯಾಟರಿ ಯಾವ ತಿಂಗಳಿಗೆ ಬರುವುದೋ! ನಾನು ಅಕ್ಕಯ್ಯನ ತೋಳು ಮುಟ್ಟಿ, ಬ್ಯಾಟರಿ ಮುಗಿಯುತ್ತದೆ ಎಂದು ಸನ್ನೆ ಮಾಡಿದೆ.

“ಮುಗೀಲಿ ಬುಡು. ಕೇಳ್ಲಿ ಅವ್ಳು” ಎಂದರು. ಆ ಒಂದು ಮಾತನ್ನು ಮಾತ್ರ ಅವರು ಎಷ್ಟು ಮೆಲ್ಲಗೆ ಆಡಿದರು! ಆಮೇಲೆ ಒದ್ದೆ ಸೀರೆಯಲ್ಲೇ ಕಂಬಕ್ಕೊರಗಿ, ಒಂದು ಸದ್ದೂ ಕೇಳದೆ, ಆ ಹುಡುಗಿಯ ಮುಖವನ್ನೇ ನೋಡುತ್ತಾ ಕುಳಿತರು.