ಎಂಟು ಕಡ್ಡಿಯ ಕೀಬೋರ್ಡು

ಹರಪನಹಳ್ಳಿಯ ಆ ಕಚೇರಿಗೆ (ಇಲಾಖೆಯ ಹೆಸರು ಬೇಡ, ಅಲ್ಲಿಯವರೇ ಅದನ್ನು ಹೆಚ್ಚು ಹೇಳಿಕೊಳ್ಳುವುದಿಲ್ಲ) ಹೊಸ ಕೀಬೋರ್ಡು, ಮೌಸು ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಹೊಸದೆಂದರೆ ಕಚೇರಿಗೆ ಹೊಸದು. ಜಿಲ್ಲೆಯಲ್ಲಿ ನಕ್ಷೆ ಬರೆಯುವ ವಿಭಾಗವೊಂದು ಮುಚ್ಚಿಹೋಗಿ, ಅಲ್ಲಿದ್ದ ವರ್ಕ್‌ಸ್ಟೇಷನ್ ಎಂಬ ದೊಡ್ಡ ಯಂತ್ರಗಳು ಎಲ್ಲಿಗೋ ಸಾಗಿ, ಅವುಗಳ ಕೀಬೋರ್ಡು, ಮೌಸುಗಳನ್ನು ಮಾತ್ರ ತಾಲ್ಲೂಕುಗಳಿಗೆ ಹಂಚಿದ್ದರು. ಎತ್ತು ಸತ್ತ ಮೇಲೆ ನೊಗವನ್ನು ನೆಂಟರಿಗೆ ಕೊಟ್ಟ ಹಾಗೆ.

ಗುಮಾಸ್ತ ಹೊನ್ನೂರಸ್ವಾಮಿಗೆ ಆ ದಿನ ಹೊಸ ಕೀಬೋರ್ಡು ಬೇಕಿರಲಿಲ್ಲ. ಬೇಕಾಗಿದ್ದುದು ಕೂಡ್ಲಿಗಿ. ಹೆಂಡತಿ ರೇಖಾ ಅಲ್ಲಿ ಶಾಲೆಯ ಟೀಚರು. ಇವನು ನಾಲ್ಕು ವರ್ಷದಿಂದ ನಸುಕಿನಲ್ಲಿ ಕೂಡ್ಲಿಗಿ ಬಿಟ್ಟು, ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ, ಕೆಲಸ ಮುಗಿಸಿ ಮತ್ತೆ ಹಾಗೆಯೇ ಹಿಂತಿರುಗುವ ಹೊತ್ತಿಗೆ ಮಗಳು ಮಲಗಿರುತ್ತಿದ್ದಳು. ಅವನ ಮುಖ ಅವಳಿಗಿಂತ ಕಂಡಕ್ಟರುಗಳಿಗೇ ಹೆಚ್ಚು ಪರಿಚಯ. ಈಗ ಕೂಡ್ಲಿಗಿಯಲ್ಲಿ ಒಂದು ಹುದ್ದೆ ಖಾಲಿಯಾಗಿತ್ತು. ವರ್ಗಾವಣೆ ಅರ್ಜಿಯ ಗಡುವು ಅಂದೇ ಸಂಜೆ ನಾಲ್ಕು. ಅರ್ಜಿ ತೆರೆದುಕೊಳ್ಳುವುದು ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ. ಕಚೇರಿಗೆ ಇದ್ದದ್ದು ಒಂದೇ ಕಂಪ್ಯೂಟರು.

"ಹಳೇದು ಕೊಡು, ಹೊಸಾದು ತಗ," ಎಂದು ಸ್ಟೋರು ನೋಡಿಕೊಳ್ಳುವ ಪಂಚಾಕ್ಷರಪ್ಪ ಬಂದು ನಿಂತ.

"ಮದ್ಲು ಹಚ್ಚಿ ನೋಡ್ತೀನ್ರಿ ಸರ, ಆಮ್ಯಾಗ ಕೊಡ್ತೀನಿ."

"ಒಂದು ಕುರ್ಚಿಗೆ ಎರಡು ಕೀಬೋರ್ಡ್ ಅಂದ್ರ ಆಡಿಟ್ನೋರು ಬಿಡ್ತಾರೇನಪಾ?"

ಬೇಗ ಮುಗಿದರೆ ಸಾಕೆಂದು ಹೊನ್ನೂರಸ್ವಾಮಿ ಹಳೆಯ ಕೀಬೋರ್ಡನ್ನೂ ಮೌಸನ್ನೂ ಕಿತ್ತು ಕೊಟ್ಟ. ಹೊಸದು ಕೊಡಲು ಮೂರು ವರ್ಷ ತೆಗೆದುಕೊಂಡಿದ್ದ ಕಚೇರಿ, ಹಳೆಯದನ್ನು ಕೆಲಸಕ್ಕೆ ಬಾರದ್ದೆಂದು ಕಂಡಮ್ ಮಾಡಲು ಮೂರು ನಿಮಿಷ ತೆಗೆದುಕೊಳ್ಳಲಿಲ್ಲ. ಪಂಚಾಕ್ಷರಪ್ಪ ಕೆಂಪು ಮಾರ್ಕರಿನಲ್ಲಿ ಅದರ ಬೆನ್ನಿಗೆ ನಂಬರು ಬರೆದು, ಸಹಿ ಹಾಕಿಸಿಕೊಂಡು, ಒಯ್ದೇಬಿಟ್ಟ.

ಹೊಸ ಕೀಬೋರ್ಡು ಹಸೆಮಣೆಯಷ್ಟು ಭಾರವಿತ್ತು. ಮೌಸಿನ ವೈರು ಕಂಪ್ಯೂಟರಿಗೆ ಹೋಗುತ್ತಲೇ ಇರಲಿಲ್ಲ. ತಾಯಿಯ ಸೆರಗು ಬಿಡದ ಕೂಸಿನಂತೆ ಕೀಬೋರ್ಡಿನ ಪಕ್ಕೆಗೇ ಅಂಟಿಕೊಂಡಿತ್ತು. ಕೀಬೋರ್ಡಿನ ವೈರಿನ ತುದಿ ದುಂಡಗಿತ್ತು. ಕಂಪ್ಯೂಟರಿನ ಹಿಂದಿನ ತೂತೂ ದುಂಡಗಿತ್ತು. ದೂರದಿಂದ ನೋಡಿದರೆ ಜಾತಕ ಕೂಡಿದ ಹಾಗೇ ಇತ್ತು. ಒತ್ತಿದ. ಹೋಗಲಿಲ್ಲ. ತಿರುಗಿಸಿ ಒತ್ತಿದ. ಮೇಜು ಗೋಡೆಯತ್ತ ಸರಿಯಿತೇ ಹೊರತು ವೈರು ಒಳಗೆ ಸರಿಯಲಿಲ್ಲ. ಕನ್ನಡಕ ತೆಗೆದು ಎಣಿಸಿದ: ವೈರಿನಲ್ಲಿ ಎಂಟು ಕಡ್ಡಿ, ತೂತಿನಲ್ಲಿ ಆರಕ್ಕೆ ಜಾಗ.

ಪಕ್ಕದ ಜೆರಾಕ್ಸ್ ಅಂಗಡಿಯಿಂದ ಚಪ್ಪಟೆ ಮೂತಿಯ ಕೀಬೋರ್ಡು ಬೇಡಿ ತರಬಹುದಿತ್ತು. ಆದರೆ ಹೋದ ವರ್ಷ ಯಾರೋ ಪೆನ್‌ಡ್ರೈವಿನಲ್ಲಿ ಸೋದರಳಿಯನ ಮದುವೆ ವಿಡಿಯೋ ತಂದು ವೈರಸ್ ಹತ್ತಿಸಿದ ಮೇಲೆ, ಕಂಪ್ಯೂಟರಿನ ಚಪ್ಪಟೆ ತೂತುಗಳಿಗೆಲ್ಲ ಮೇಲಿನವರ ಆದೇಶದಂತೆ ಕಪ್ಪು ಅಂಟು ಮೆತ್ತಲಾಗಿತ್ತು. ಅಂಟು ಕಲ್ಲಾಗಿತ್ತು.

"ಪಂಚಾಕ್ಷರಪ್ನೋರೆ, ಹಳೇದು ಒಂದ್ ತಾಸು ಕೊಡ್ರಿ."

"ಕಂಡಮ್ ಆಗೈತಲ್ಲೋ. ಕಂಡಮ್ ಅಂದ್ರ ಸತ್ತಂಗ. ಸತ್ತೋರ್ನ ಎಬ್ಬಿಸಾಕ ನನಗ ಅಧಿಕಾರ ಇಲ್ಲ. ಜಿಲ್ಲಾಕ್ಕ ಬರಿ, ಹದಿನೈದು ದಿನದಾಗ ಉತ್ತರ ಬರ್ತೈತಿ."

ಅಷ್ಟರಲ್ಲಿ ಹಿರಿಯ ಗುಮಾಸ್ತ ಪಾಲಾಕ್ಷಪ್ಪ ಎದ್ದು ಬಂದ. ಮೂವತ್ತು ವರ್ಷದ ಸೇವೆಯಲ್ಲಿ ಕಂಪ್ಯೂಟರನ್ನು ಮುಟ್ಟದೆ ಉಳಿದ ಸ್ಥಿತಪ್ರಜ್ಞ.

"ಎಂಟು ಕಡ್ಡಿ, ಆರು ತೂತು. ಹಂಗಾರ ಎರಡು ಹೆಚ್ಚಾಗ್ಯಾವು. ಇದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕಂತಿ? ಇಕ್ಕಳ ತಾ."

"ಬ್ಯಾಡ್ರಿ ಸರ..."

"ಲೇ, ಗೂಟ ದಪ್ಪಾದ್ರ ಕೆತ್ತಂಗಿಲ್ಲೇನು?"

ಕಟ್ಟೆಂದು ಒಂದು, ಕಟ್ಟೆಂದು ಇನ್ನೊಂದು. ಉಳಿದ ಆರನ್ನು ಇಕ್ಕಳದಲ್ಲಿ ಬಗ್ಗಿಸಿ ಒತ್ತಿದಾಗ ವೈರು ಒಳಗೆ ಹೋಯಿತು! ಕೀಬೋರ್ಡಿನ ದೀಪಗಳೆಲ್ಲ ಒಮ್ಮೆಲೇ ಹೊತ್ತಿದವು. "ಹೆಂಗೆ?" ಎಂದು ಪಾಲಾಕ್ಷಪ್ಪ ಮೀಸೆ ತಿರುವಿದ. ಕೀಬೋರ್ಡು ಕುಂಯ್ ಎಂದು ಒಮ್ಮೆ ನರಳಿ, ದೀಪ ಆರಿಸಿಕೊಂಡು, ಬೆಚ್ಚಗಾಗತೊಡಗಿತು. ಯಾವ ಅಕ್ಷರ ಒತ್ತಿದರೂ ಪರದೆಯ ಮೇಲೆ ಏನೂ ಮೂಡಲಿಲ್ಲ.

ಗಂಟೆ ಎರಡೂವರೆ. ಕಸ ಗುಡಿಸಲು ಬಂದ ಚೌಡಕ್ಕ ಸ್ವಲ್ಪ ಹೊತ್ತು ನೋಡಿ ಕೇಳಿದಳು: "ಹಳೀದು ಬೇಕೇನಪ್ಪ? ಅದನ್ನ ಮುರುದ್ ಫ್ಯಾನಿನ ಸಂಗಟ ಗುಜರಿ ಹುಲುಗೇಶ ಹೇರ್ಕಂಡು ಹೋದ್ನಲ್ಲ. ಕೊಟ್ಟೂರ್ ರೋಡಿನಾಗ ಅದಾನ, ಓಡು."

ಹೊನ್ನೂರಸ್ವಾಮಿ ಕೈಚೀಲ ಹೆಗಲಿಗೇರಿಸಿ ಓಡಿದ. ಹುಲುಗೇಶ ಗುಜರಿ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ವೈರುಗಳ ಚರ್ಮ ಸುಲಿದು ತಾಮ್ರ ತೆಗೆಯುತ್ತಿದ್ದ. ಫ್ಯಾನುಗಳು ಮುಗಿದಿದ್ದವು. ಚಾಕು ಕೀಬೋರ್ಡಿನ ಕುತ್ತಿಗೆಗೆ ಬಂದಿತ್ತು.

"ನಿಲ್ಸೋ! ಅದು ನನ್ನದು!"

"ನಿಮ್ದು ಹೆಂಗಾತ್ರಿ ಸರ? ನಿಮ್ಮ ಕಚೇರಿ ಗುಜರಿನೆಲ್ಲಾ ಹೋದ ತಿಂಗಳ ಲಾಟ್ ಹರಾಜಿನಾಗ ಹಿಡ್ದೀನಿ. ನಮ್ಮಲ್ಲಿ ತೂಕಕ್ಕ ತೂಕ. ಏನು ತಂದೀರಿ?"

ಚೀಲದಲ್ಲಿ ಇದ್ದದ್ದು ರೇಖಾ ಕಟ್ಟಿಕೊಟ್ಟ ಸ್ಟೀಲಿನ ಊಟದ ಡಬ್ಬಿ. ಹುಲುಗೇಶ ಅದನ್ನು ತಕ್ಕಡಿಗಿಟ್ಟು, ಮತ್ತೆ ತೆಗೆದು, ಮುಚ್ಚಳ ಬಿಚ್ಚಿದ. "ರೊಟ್ಟಿ ತಗೀರಿ ಸರ. ಧರ್ಮ ಬಿಟ್ಟು ನಡ್ಯಂಗಿಲ್ಲ ನಾನು." ಡಬ್ಬಿ ಕೊಂಚ ಭಾರವಾಯಿತು, ಸರಿದೂಗಿಸಲು ಕೀಬೋರ್ಡಿನ ತಟ್ಟೆಗೆ ಮೌಸನ್ನೂ ಇಟ್ಟ. ಹೊನ್ನೂರಸ್ವಾಮಿ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಕೀಬೋರ್ಡು ಹಿಡಿದು ಊರ ನಡುವೆ ಓಡಿದ.

ಕಚೇರಿಯ ಬಾಗಿಲಲ್ಲೇ ಪಂಚಾಕ್ಷರಪ್ಪ. "ಏನದು? ಕಂಡಮ್ ಮಾಲು ತಿರುಗಿ ಸರ್ಕಾರಿ ಕಂಪ್ಯೂಟರಿಗೆ ಹಚ್ಚಿದ್ರ ಸಸ್ಪೆಂಡ್ ಆಗ್ತಿ ಮಗನ." ಆಮೇಲೆ ಹೊನ್ನೂರಸ್ವಾಮಿಯ ಮುಖ ನೋಡಿ ಏನನ್ನಿಸಿತೋ, ಗೋಡೆಯ ಕಡೆ ತಿರುಗಿಕೊಂಡ. "ನಾ ನೋಡಿಲ್ಲ. ಯಾರಿಗೂ ಹೇಳಬ್ಯಾಡ."

ಎಂಟು ಕಡ್ಡಿಯದರ ವೈರು ಕಿತ್ತು ಅದನ್ನು ಮೇಜಿನ ಮೇಲೆ ಶೋಭೆಗೆ ಇಟ್ಟು, ಹಳೆಯದನ್ನು ಹಚ್ಚಿ ತೊಡೆಯ ಮೇಲಿಟ್ಟುಕೊಂಡು ಹೊನ್ನೂರಸ್ವಾಮಿ ಕುಟ್ಟತೊಡಗಿದ. ಹೆಸರು, ಪಾಸ್‌ವರ್ಡು, ಕೂಡ್ಲಿಗಿ. ನಾಲ್ಕಕ್ಕೆ ಆರು ನಿಮಿಷ ಇರುವಾಗ ಪರದೆಯ ಮೇಲೆ ಮೂಡಿತು: 'ನಿಮ್ಮ ಅರ್ಜಿ ಸ್ವೀಕೃತವಾಗಿದೆ.' ಪಾಲಾಕ್ಷಪ್ಪ, ಎಲ್ಲವೂ ತನ್ನ ಇಕ್ಕಳದಿಂದಲೇ ಆಯಿತೆಂದು ಮಂಡಕ್ಕಿ ಮೆಣಸಿನಕಾಯಿ ತರಿಸಲು ಹೇಳಿದ. ಹೊನ್ನೂರಸ್ವಾಮಿ ರೇಖಾಗೆ ಫೋನು ಹಚ್ಚಿದ.

"ಆತೇನ್ರೀ?"

"ಆತು. ಇನ್ನೊಂದು ವಾರದಾಗ ಮನಿಯಿಂದ ನಡಕಂತ ಆಫೀಸಿಗೆ ಹೋಗೋದು ನೋಡು."

"ಊಟ ಮಾಡಿದ್ರಾ? ಡಬ್ಬಿ ಖಾಲಿ ಮಾಡಿದ್ರೇನು?"

"ಪೂರ್ತಿ ಖಾಲಿ," ಎಂದ.

ನಾಲ್ಕೂವರೆಗೆ ಸಾಹೇಬ ಪ್ರವೀಣಕುಮಾರ್ ತಮ್ಮ ಕೋಣೆಯಿಂದ ಹೊರಬಂದರು. ಕಿವಿಯಲ್ಲಿ ಜಿಲ್ಲೆಯ ಫೋನು. "ಹೌದು ಸಾರ್, ಹೊಸ ಕೀಬೋರ್ಡಲ್ಲೇ ಸಾರ್. ನಮ್ಮ ಹೊನ್ನೂರಸ್ವಾಮಿ ಟೈಪ್ ಮಾಡೋದು ಬಾಗಿಲಿಂದ ಕಣ್ಣಾರೆ ನೋಡಿದೀನಿ. ಫೋಟೋನೂ ಕಳಿಸೀನಿ." ಫೋನಿಟ್ಟು ನಗುತ್ತ ಬಂದರು. "ಹೊನ್ನೂರಸ್ವಾಮಿ, ಜಿಲ್ಲೇಲಿ ಒಂದೇ ಕಡೆ ಈ ಕೀಬೋರ್ಡು ಕೂಡಿರೋದು, ನಮ್ಮಲ್ಲಿ! ಬೇರೆ ಎಲ್ಲೂ ಯಾರಿಗೂ ಹಚ್ಚಾಕೇ ಬಂದಿಲ್ಲ. ನಾಳೆಯಿಂದ ನೀವು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹಡಗಲಿ ಸುತ್ತಿ ಹಚ್ಚಿಕೊಡಬೇಕಂತೆ. ಆರು ತಿಂಗಳು."

ಹೊನ್ನೂರಸ್ವಾಮಿ ಬಾಯಿ ತೆರೆದ. ಗೋಡೆಯ ಕಡೆ ನಿಂತಿದ್ದ ಪಂಚಾಕ್ಷರಪ್ಪ ಕೆಮ್ಮಿದ. ಬಾಯಿ ಮುಚ್ಚಿತು.

"ಮತ್ತ... ನನ್ನ ವರ್ಗಾವಣೆ ಸರ?"

"ಅದನ್ನ ತಡೆಹಿಡಿದಾರೆ. ತಾಂತ್ರಿಕ ಪರಿಣತರನ್ನ ಬಿಡೋ ಹಂಗಿಲ್ಲ. ಹೆಮ್ಮೆ ಪಡ್ರಿ."

ಅವನಿಗೆ ಕೊನೆಯದೊಂದು ಆಸೆ ಮಿಂಚಿತು. "ಸರ, ಕೂಡ್ಲಿಗಿಗೂ ಇಂಥಾ ಕೀಬೋರ್ಡ್ ಹೋಗಿರಬೇಕಲ್ರಿ? ಅಲ್ಲೂ ಹಚ್ಚಿಕೊಡ್ತೀನಿ. ಅಲ್ಲಿಂದನ ಶುರು ಮಾಡ್ತೀನಿ ಬೇಕಾರ."

ಸಾಹೇಬರು ಮೊಬೈಲಿನಲ್ಲಿ ಪಟ್ಟಿ ನೋಡಿದರು.

"ಇಲ್ಲ ಬಿಡಿ. ಕೂಡ್ಲಿಗಿಯೋರು ಡಬ್ಬಾನೇ ಒಡೆದಿಲ್ವಂತೆ, ಹಳೇ ಕೀಬೋರ್ಡಲ್ಲೇ ಅದಾರೆ. ಕೆಲಸ ಅಷ್ಟು ಸಲೀಸಾಗಿ ನಡದೈತಿ ಅಂತ ಈಗ ತಾನೆ ಅಲ್ಲಿ ಖಾಲಿ ಇದ್ದ ಹುದ್ದೇನ ರದ್ದು ಮಾಡಿದ್ರು."